ಒಂದು ‘ರಿ’ಯ ಬದಲು ಪ್ಲೀಸು

ಹುಮನಾಬಾದಿನ ಗಂಜ್ ಪೇಟೆಯೊಳಗೆ ತನಗೆ ‘ರಿ’ ಹಚ್ಚದೆ ಮಾತಾಡುವ ಗಂಡಸು ಇನ್ನೂ ಹುಟ್ಟಿಲ್ಲವೆಂದು ಧೂಳಮ್ಮ ಬಸವಕಲ್ಯಾಣದ ಬೀಗರ ಮನೆಯಲ್ಲಿ ಕೂತು ಹೇಳಿಬಂದಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಡೆಯುತ್ತಿತ್ತು. ತಾನು ಕೆಮ್ಮಿದರೆ ರೈತರ ಕಾಳು ಮಾರಿಕೊಡುವ ಅಡತ ಅಂಗಡಿಯ ಸಾವ್ಕಾರ ಎದ್ದು ನಿಲ್ಲುತ್ತಾನೆ, ಸೀನಿದರೆ ತೊಗರಿಯ ಧಾರಣೆ ಏರುತ್ತದೆ ಎಂದೂ ಸೇರಿಸಿದ್ದಳು. ಮೊಮ್ಮಗಳು ಧನಶ್ರೀಯನ್ನು ಕೊಡುವ ಮನೆ. ಹುಡುಗಿ ಅಲ್ಲಿ ತಲೆಯೆತ್ತಿ ಬಾಳಬೇಕಾದರೆ ಅಜ್ಜಿಗೆ ಇಷ್ಟಾದರೂ ತೂಕ ಬೇಡವೇ?

ಖರೆ ಹೇಳಬೇಕೆಂದರೆ, ಧೂಳಮ್ಮ ಆ ಅಂಗಡಿಯಲ್ಲಿ ಕಸ ಹೊಡೆಯುವವಳು. ಚೆಲ್ಲಿದ ಕಾಳು ಬಳಿದು, ಮೊರದಲ್ಲಿ ಕೇರಿ, ಚೀಲಕ್ಕೆ ತುಂಬುವವಳು. ಅವಳು ಇದುವರೆಗೆ ಗುಡಿಸಿದ ಧೂಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ್ದರೆ ಕಲ್ಯಾಣದ ಕೋಟೆ ಅದರ ಮುಂದೆ ಒಲೆಯ ಗುಂಡಿನಷ್ಟು ಕಾಣುತ್ತಿತ್ತು. ಸಾವ್ಕಾರ ಬಸವಕುಮಾರ ಅವಳ ಮಗನಿಗಿಂತ ಸಣ್ಣವನು. ಆದರೂ ಅವನ ಬಾಯಿಗೆ ಬರುತ್ತಿದ್ದದ್ದು ‘ಏ ಧೂಳಿ’ ಒಂದೇ.

ಬೀಗ ಗೋವರ್ಧನ ತೊಗರಿ ಮಾರಲು ಅದೇ ಅಂಗಡಿಗೆ ಬರುತ್ತಾನೆಂದು ಸುದ್ದಿ ಬಂತು. ಧೂಳಮ್ಮ ಗುಡಿಸುವುದನ್ನು ಅರ್ಧಕ್ಕೇ ಬಿಟ್ಟಳು. ಕಸಬರಿಗೆ ಬಗಲಲ್ಲಿಟ್ಟುಕೊಂಡು ಸಾವ್ಕಾರನ ಮುಂದೆ ನಿಂತಳು. ಪಗಾರ ಹೆಚ್ಚಿಸುವುದು ಬೇಡ, ರಜೆ ಬೇಡ. ಬೀಗ ಕೂತಿರುವಷ್ಟು ಹೊತ್ತು ತನ್ನ ಜೊತೆ ಆಡುವ ಮಾತಿಗೆ ಒಂದು ‘ರಿ’ ಹಚ್ಚಿದರೆ ಸಾಕು ಎಂದು ಬೇಡಿಕೊಂಡಳು.

ಬಸವಕುಮಾರ ಆಗಷ್ಟೇ ಹೈದರಾಬಾದಿನಲ್ಲಿ ವ್ಯಾಪಾರಿಗಳ ತರಬೇತಿಗೆ ಹೋಗಿ, ಸಭ್ಯತೆಯನ್ನು ಇಂಗ್ಲಿಷಿನಲ್ಲಿ ಕಲಿತು ಬಂದಿದ್ದ.

“‘ರಿ’ ಏನ್ ಹಚ್ಚೋದು ಧೂಳಿ, ಅದು ಹಳ್ಳಿ ಮಂದೀದು. ನಿನಗ ಪ್ಲೀಸ್ ಅಂತೀನಿ. ದೊಡ್ಡ ದೊಡ್ಡ ಆಫೀಸ್‌ನಾಗ ಅದೇ ನಡೀತದ.”

ಹಾಗಂದರೇನೆಂದು ಕೇಳಿದಳು. ದಯವಿಟ್ಟು ಎಂದ. ಇವನ ಬಾಯಿಂದ ದಯೆಯೇ ಹೊರಡುವುದಾದರೆ ‘ರಿ’ ಅದರ ಹಿಂದೆ ಕುರಿಮರಿಯ ಹಾಗೆ ತಾನಾಗಿ ಬರುತ್ತದೆಂದು ಮುದುಕಿ ನಂಬಿದಳು.

ಮರುದಿನ ಗೋವರ್ಧನ ಬಂದ. ಅವಳಂತೆಯೇ ಕುರಿ ಕಾಯ್ದು ಬೆಳೆದ ಮನುಷ್ಯ. ಆದರೆ ತೊಗರಿ ತಂದಿದ್ದನಲ್ಲ, ಬರ್ರಿ, ಕೂಡ್ರಿ, ನೀರು ಕುಡೀರಿ ಎಂದು ಸಾವ್ಕಾರ ‘ರಿ’ಗಳನ್ನು ಚೀಲದ ಬಾಯಿ ಬಿಚ್ಚಿ ಸುರಿದ. ಆಮೇಲೆ ಒಳಗೆ ತಿರುಗಿದ.

“ಪ್ಲೀಸ್, ಏ ಧೂಳಿ, ಬೀಗರಿಗೆ ಚಹಾ ತಾ. ಪ್ಲೀಸ್, ಮೊದಲ ಕೈ ತೊಳ್ಕೊ.”

ಗೋವರ್ಧನ ಚಹಾ ಕುಡಿಯುವ ತನಕ ಮೀಸೆಯೊಳಗೇ ನಕ್ಕ. ಇಷ್ಟು ದಿನ ಅವಳನ್ನು ಬೀಗತೇರೆಂದು ಕರೆಯುತ್ತಿದ್ದವನು ಹೊರಡುವಾಗ ಹೊಸ ಮಾತು ಕಲಿತಿದ್ದ.

“ಪ್ಲೀಸ್, ಧೂಳಿ, ಲಗ್ನದಾಗರೆ ನೀ ಕಸಾ ಹೊಡೀಬ್ಯಾಡ. ನಮ್ಮ ಮಂದಿ ನೋಡ್ತಾರ.”

ಅವನು ಕಣ್ಮರೆಯಾಗುವವರೆಗೂ ಧೂಳಮ್ಮ ಖಾಲಿ ಕಪ್ಪು ಹಿಡಿದು ನಿಂತಿದ್ದಳು. ಇನ್ನು ಆ ಮನೆಯಲ್ಲಿ ಧನಶ್ರೀಯನ್ನು ಯಾವ ಹೆಸರಿನಿಂದ ಕೂಗುತ್ತಾರೆಂಬುದು ಅವಳಿಗೆ ಇಲ್ಲಿಂದಲೇ ಕೇಳಿಸುತ್ತಿತ್ತು.

ಸಾವ್ಕಾರ ಮಾತ್ರ ಗಾದಿಯ ಮೇಲೆ ಉಬ್ಬಿ ಕೂತಿದ್ದ. “ನೋಡ್ದೇನು? ಮಾತ್ ಮಾತಿಗಿ ಪ್ಲೀಸ್ ಅಂದೀನಿ. ಖುಷಿ ಆತಿಲ್ಲ?”

ಧೂಳಮ್ಮ ಕಸಬರಿಗೆಯನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು.

“ಭಾಳ ಖುಷಿ ಆತು. ಪ್ಲೀಸ್, ಏ ಬಸ್ಯಾ, ಇನ್ನ ಮ್ಯಾಲ ಕಸಾ ನೀನೇ ಹೊಡಕೊ.”