ಕಾಜಕ್ಕ ಕೇಳಿದ ಒಂದು ಸಾಲು

ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚುವುದು ಅವಳ ಕೆಲಸ. ಹಾಗಾಗಿ ಬೀದಿಯವರಿಗೆಲ್ಲ ಅವಳು ಕಾಜಕ್ಕ. "ಬಟ್ಟೆ ಚಿಂದಿಯಾದ್ರೂ ನೀನು ಹಾಕಿದ ಕಾಜಾ ಹಾಗೇ ಇರುತ್ತೆ ಕಣಕ್ಕ. ಹೀಗಾದ್ರೆ ನನ್ನ ವ್ಯಾಪಾರ ನಡೆಯೋದು ಹೇಗೆ?" ಎಂದು ಟೈಲರು ರೇಗಿಸುತ್ತಿದ್ದ.

ಅವಳ ಗಂಡ ಸರ್ಕಾರಿ ಆಸ್ಪತ್ರೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ವಾರ್ಡುಗಳ ಹಾಸುಬಟ್ಟೆ ಕುದಿಸುವುದಕ್ಕೆ, ಆಪರೇಷನ್ನಿನ ಕತ್ತರಿ ಚಿಮಟ ಶುದ್ಧ ಮಾಡುವುದಕ್ಕೆ ಬೇಕಾದ ಹಬೆಯೆಲ್ಲ ಆ ಒಂದು ಹಳೆಯ ಬಾಯ್ಲರಿನಿಂದಲೇ ಬರಬೇಕು. ಅವನು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದ. "ಅತ್ತೆ ಇವತ್ತು ಬೆಳಗ್ಗೆಯಿಂದ ಬುಸುಗುಡ್ತಾ ಇದ್ದಾಳೆ" ಎನ್ನುತ್ತ ಒಮ್ಮೆ ಮನೆಯೊಳಗೆ ಬಂದವನು, ಒಳಕೋಣೆಯಲ್ಲಿ ಕಾಜಕ್ಕನ ತಾಯಿ ಕುಳಿತಿದ್ದನ್ನು ಕಂಡು ಬಂದ ದಾರಿಯಲ್ಲೇ ಓಡಿದ್ದ.

ಒಂದು ಬೆಳಗ್ಗೆ ಬಾಯ್ಲರ್ ಸಿಡಿಯಿತು. ಅವನು ಸತ್ತ. ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳೂ ಸತ್ತಳು. ಅವಳು ಕಾಜಕ್ಕನ ಬೀದಿಯವಳೇ. ಮೂಲೆಮನೆ ಅಜ್ಜಿಯ ಒಬ್ಬಳೇ ಮಗಳು. ಆ ಅಜ್ಜಿ ಕಾಜಕ್ಕನ ಮಗಳನ್ನು ಹುಟ್ಟಿದಾಗಿನಿಂದ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು.

ಎರಡು ತಿಂಗಳಿಗೆ ಇಲಾಖೆಯ ವರದಿ ಬಂತು. "ನಿರ್ವಾಹಕನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ." ಆ ಒಂದು ಸಾಲಿಗೆ ಪರಿಹಾರವೂ ನಿಂತುಹೋಯಿತು, ಅಜ್ಜಿಯ ಮಾತೂ ನಿಂತುಹೋಯಿತು. ನಲ್ಲಿಯ ಹತ್ತಿರ ಕಾಜಕ್ಕ ಕಂಡರೆ ಸಾಕು, ಅಜ್ಜಿ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟುಬಿಡುವಳು. ಬೈದಿದ್ದರೆ ಕಾಜಕ್ಕ ತಡೆದುಕೊಳ್ಳುತ್ತಿದ್ದಳೇನೋ.

ಗಂಡನ ಟ್ರಂಕು ಸುಕ್ಕಾಗದಂತೆ ಮಡಿಸಿಟ್ಟ ಬಟ್ಟೆಯಿಂದ ತುಂಬಿತ್ತು. ತಿಂಗಳುಗಟ್ಟಲೆ ಅವಳು ಅದನ್ನು ಮುಟ್ಟಿರಲಿಲ್ಲ. ಕೊನೆಗೊಂದು ದಿನ ತೆಗೆದಾಗ ತಳದಲ್ಲಿ ಮೂರು ಕಾಗದ ಸಿಕ್ಕವು. ಹೆಚ್ಚಾದ ಹಬೆಯನ್ನು ಹೊರಬಿಡುವ ಸುರಕ್ಷತಾ ವಾಲ್ವು ಕಚ್ಚಿಕೊಂಡಿದೆ, ಬದಲಾಯಿಸಿಕೊಡಬೇಕು ಎಂದು ಅವನು ಮೇಲಿನವರಿಗೆ ಬರೆದ ಅರ್ಜಿಗಳ ಕಾರ್ಬನ್ ಪ್ರತಿಗಳು. ಮೂರರ ಮೇಲೂ ಆಫೀಸಿನ ಸ್ವೀಕೃತಿ ಮೊಹರು ಇತ್ತು.

ಅವನ್ನು ಹಿಡಿದುಕೊಂಡು ಅವಳು ಒಬ್ಬ ವಕೀಲಮ್ಮನ ಹತ್ತಿರ ಹೋದಳು. ಸರ್ಕಾರದಿಂದ ದುಡ್ಡು ಬರಬೇಕಾದವರ ದಾವೆ ಕೇಳುವುದಕ್ಕೆಂದೇ ಒಂದು ಬೇರೆ ಕೋರ್ಟು ಇತ್ತು. ಜನ ಅದನ್ನು ಬಾಕಿ ಕೋರ್ಟು ಎನ್ನುತ್ತಿದ್ದರು.

"ನನಗೆ ದುಡ್ಡಿಗಿಂತ ಅವರ ತಪ್ಪಲ್ಲ ಅಂತ ಆಗ್ಬೇಕು ಮೇಡಂ" ಎಂದಳು ಕಾಜಕ್ಕ.

"ಅಲ್ಲಿ ದುಡ್ಡು ಬಿಟ್ಟು ಬೇರೇನೂ ಕೇಳೋ ಹಾಗಿಲ್ಲಮ್ಮ. ಆದ್ರೆ ದುಡ್ಡು ಕೊಡಿ ಅನ್ನೋಕೆ ಮುಂಚೆ ತಪ್ಪು ಯಾರದು ಅಂತ ಜಡ್ಜು ತೀರ್ಪಲ್ಲಿ ಬರೀಲೇಬೇಕು. ಆ ಸಾಲು ನಿಮಗೆ ಸಿಗುತ್ತೆ."

ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳಂತೆ ಕಾಜಕ್ಕ ನಾಲ್ಕು ವರ್ಷ ಅಲೆದಳು. ಕೋರ್ಟಿನ ಎರಡನೆಯ ಮಹಡಿಯ ಉದ್ದನೆಯ ಪಡಸಾಲೆ. ಕುಳಿತು ಕುಳಿತು ನುಣ್ಣಗಾದ ಬೆಂಚು. ರಸ್ತೆ ಹಾಕಿಸಿ ಬಿಲ್ಲು ಬಾರದ ಗುತ್ತಿಗೆದಾರ, ಪಿಂಚಣಿ ನಿಂತುಹೋದ ಹಳೆಯ ಮೇಷ್ಟ್ರು, ಎಲ್ಲರೂ ಪರಿಚಯವಾದರು. ಅವಳು ಅಂಗಡಿಯ ಅಂಗಿಗಳನ್ನು ಚೀಲದಲ್ಲಿ ತಂದು ಅಲ್ಲೇ ಕಾಜಾ ಹಾಕುತ್ತಿದ್ದಳು. ಹೆಸರು ಕೂಗಿದಾಗ ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಕೊಂಡು ಒಳಗೆ ಹೋಗುವಳು. ಮುಂದಿನ ತಾರೀಖು ಕೇಳಿಕೊಂಡು ಬಂದು ಬಿಟ್ಟ ಹೊಲಿಗೆಯಿಂದಲೇ ಮುಂದುವರಿಸುವಳು.

ಕೊನೆಗೆ ಆ ಮೂರು ಅರ್ಜಿಗಳನ್ನು ಓದುವ ದಿನ ಬಂತು. ವಕೀಲಮ್ಮ ಎದ್ದು ಮೊದಲನೆಯದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಸರ್ಕಾರದ ವಕೀಲರು ಗಂಟಲು ಸರಿಮಾಡಿಕೊಂಡು ಒಂದು ಕಾಗದ ಮುಂದಿಟ್ಟರು. ವಾದಿ ಕೇಳಿದ ಮೊತ್ತವನ್ನು ಸರ್ಕಾರ ಪೂರ್ತಿಯಾಗಿ, ಬಡ್ಡಿಯ ಸಮೇತ ಕೊಡುತ್ತದೆ. ಆದರೆ ಇದರಿಂದ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ.

ವಕೀಲಮ್ಮನ ಮುಖ ಇಳಿದುಹೋಯಿತು. ಅದನ್ನು ನೋಡಿದ ಕಾಜಕ್ಕ ಯಾರೂ ಕೇಳದೆ ಎದ್ದು ನಿಂತಳು.

"ಸ್ವಾಮಿ, ಅವರ ತಪ್ಪಲ್ಲ ಅಂತ ಒಂದೇ ಒಂದು ಸಾಲು ಬರೆದುಕೊಡಿ. ಬೇಕಾದ್ರೆ ದುಡ್ಡಲ್ಲಿ ಅರ್ಧ ಅವರೇ ಇಟ್ಕೊಳ್ಳಲಿ."

ಜಡ್ಜು ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ. "ಅಮ್ಮಾ, ಈ ಕೋರ್ಟಿಗಿರೋದು ದುಡ್ಡು ಕೊಡಿಸೋ ಅಧಿಕಾರ ಮಾತ್ರ. ನೀವು ಕೇಳಿದಷ್ಟನ್ನೂ ಕೊಡ್ತೀವಿ ಅಂತ ಅವರೇ ಹೇಳಿದ ಮೇಲೆ ನಾನು ತೀರ್ಮಾನ ಮಾಡೋದಕ್ಕೆ ಏನೂ ಉಳಿದಿಲ್ಲ."

"ಪೂರ್ತಿ ಇಟ್ಕೊಳ್ಳಲಿ ಸ್ವಾಮಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹತ್ತು ನಿಮಿಷದಲ್ಲಿ ದಾವೆ ಮುಗಿಯಿತು. ಮೂರು ಅರ್ಜಿಗಳು ಓದದೆಯೇ ಅವಳ ಕೈಗೆ ವಾಪಸು ಬಂದವು. ಹೊರಗೆ ಪಿಂಚಣಿ ಮೇಷ್ಟ್ರು, "ನೀವು ಗೆದ್ದುಬಿಟ್ರಲ್ಲಮ್ಮ, ಪುಣ್ಯವಂತರು" ಎಂದು ಕೈಮುಗಿದರು. ಅವಳೂ ಕೈಮುಗಿದಳು.

ಬೀದಿಗೆ ಬಂದವಳು ತನ್ನ ಮನೆ ದಾಟಿ ನೇರವಾಗಿ ಮೂಲೆಮನೆಗೆ ಹೋದಳು. ಅಜ್ಜಿ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಳು. ಏಳಲು ಹೋದವಳಿಗೆ ಮಂಡಿ ಸಹಕರಿಸಲಿಲ್ಲ.

"ಏನಂತೆ ಕೋರ್ಟು?" ನಾಲ್ಕು ವರ್ಷದಲ್ಲಿ ಅಜ್ಜಿ ಆಡಿದ ಮೊದಲ ಮಾತು.

"ದುಡ್ಡು ಕೊಡ್ತಾರಂತೆ."

"ತಪ್ಪು ಯಾರದಂತೆ?"

"ಅದನ್ನ ಹೇಳಲಿಲ್ಲ ಅಜ್ಜಿ. ನಾನು ಓದ್ತೀನಿ, ನೀವೇ ಕೇಳಿ."

ಹೊಸ್ತಿಲ ಹೊರಗೇ ಕುಳಿತು ಕಾಜಕ್ಕ ಮೂರನ್ನೂ ಓದಿದಳು. ಕೊನೆಯದರಲ್ಲಿ ಅವನು ಹೀಗೆ ಬರೆದಿದ್ದ: "ಗೋಡೆಯ ಆಚೆ ನಾಲ್ವರು ಹೆಂಗಸರು ಕೆಲಸ ಮಾಡುತ್ತಾರೆ. ಅವರ ಸಲುವಾಗಿಯಾದರೂ ದಯವಿಟ್ಟು ಬೇಗ ವಿಚಾರಿಸಬೇಕು."

"ಅದನ್ನ ಇನ್ನೊಂದ್ಸಲ ಓದು" ಎಂದಳು ಅಜ್ಜಿ. ಓದಿದಳು. ಅಜ್ಜಿಯ ಕಣ್ಣಿಂದ ನೀರು ಗಲ್ಲದ ಸುಕ್ಕುಗಳಲ್ಲಿ ಇಳಿಯಿತು. ಒರೆಸಿಕೊಳ್ಳಲಿಲ್ಲ. ಆಮೇಲೆ, ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: "ಇಷ್ಟೆಲ್ಲ ಗೊತ್ತಿತ್ತಲ್ಲೇ ಅವನಿಗೆ. ಮತ್ಯಾಕೆ ಆವತ್ತು ಬೆಂಕಿ ಹಾಕಿದ?"

ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಸರ್ಕಾರದ ವಕೀಲರು ಕೂಡ. ಅದರ ಉತ್ತರವನ್ನು ಕಾಜಕ್ಕ ವಕೀಲಮ್ಮನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಆ ಬೆಳಗ್ಗೆ ಅವನು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕುಳಿತುಬಿಟ್ಟಿದ್ದ. "ಇವತ್ತು ಹಚ್ಚಲ್ಲ ಅಂತ ಹೇಳಿಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ" ಎಂದಿದ್ದ. ದಾರ ಪೋಣಿಸುತ್ತಿದ್ದ ಅವಳು ತಲೆ ಎತ್ತದೆಯೇ, "ಹೋಗ್ಲಿ ಅಂತೆ! ಮಗಳ ಫೀಸು ಯಾರು ಕಟ್ತಾರೆ? ಸುಮ್ನೆ ಹೊರಡಿ" ಎಂದಿದ್ದಳು. ಅವನು ಇನ್ನೊಂದು ಬೂಟನ್ನೂ ಹಾಕಿಕೊಂಡಿದ್ದ.

"ನಾನೇ ಕಳಿಸಿದೆ ಅಜ್ಜಿ" ಎಂದಳು. ನಡೆದದ್ದನ್ನೆಲ್ಲ ಹೇಳಿದಳು.

ಅಜ್ಜಿ ಕ್ಷಮಿಸಲಿಲ್ಲ, ಶಪಿಸಲೂ ಇಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ. ಒಳಗೆ ಹೋಗುವ ಧೈರ್ಯ ಕಾಜಕ್ಕನಿಗೆ ಬರಲಿಲ್ಲ.

ದುಡ್ಡು ಬಂತು. ಮಗಳು ಅದರಿಂದ ಓದಿ ಬೇರೊಂದು ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದಳು. ವರದಿ ಹೇಗಿತ್ತೋ ಹಾಗೇ ಇದೆ. ಅವನ ತಪ್ಪೆಂದೇ ಇದೆ. ಕಾಜಕ್ಕ ಇಂದಿಗೂ ಅಂಗಡಿಗೆ ಹೋಗುತ್ತಾಳೆ, ಆದರೆ ಸೂಜಿಗೆ ದಾರವನ್ನು ಈಗ ಟೈಲರೇ ಪೋಣಿಸಿಕೊಡಬೇಕು.

ದಾವೆ ಮುಗಿದ ಮರುವರ್ಷ ಮೂಲೆಮನೆ ಅಜ್ಜಿ ತೀರಿಕೊಂಡಳು. ಕಾಜಕ್ಕ ಹೋಗಿ ಅಂಗಳದ ಕಡೆಯಲ್ಲಿ, ಎಲ್ಲರ ಹಿಂದೆ ನಿಂತಳು. ಯಾರೂ ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಕೊನೆಯವರು ಹೊರಡುವ ತನಕ ಅವಳು ಅಲ್ಲೇ ನಿಂತಿದ್ದಳು.