ಸುಲ್ಮಾಳ ಜೀನು ಹರಾಜಿಗೆ ಬಿದ್ದದ್ದು

ಸುಲ್ಮಾ ಅರಿಯೇತಾಳ ಎಡಗಾಲಿಗೆ ಹುಟ್ಟಿನಿಂದಲೇ ಬಲವಿಲ್ಲ. ಆದರೂ ಉರುಗ್ವೆಯ ನಮ್ಮ ಟಾಕ್ವಾರೆಂಬೊ ಸೀಮೆಯಲ್ಲಿ ಕುದುರೆಯನ್ನು ಅವಳಷ್ಟು ಹದವಾಗಿ ನಡೆಸುವವರು ಕಡಿಮೆ. ಸಹಾಯ ಮಾಡಲು ಬರುವವರಿಂದಲೇ ಅವಳಿಗೆ ಬೇಸರ ಹೆಚ್ಚು.

ಬ್ರೆಜಿಲ್‌ನಲ್ಲಿ ನಡೆಯುವ ಅಂಗವಿಕಲ ಸವಾರರ ಸ್ಪರ್ಧೆಗೆ ಅವಳನ್ನು ಕಳುಹಿಸಲು ಊರವರು ಹರಾಜು ಇಟ್ಟರು. ಇಂಥ ಹರಾಜಿನಲ್ಲಿ ಕೊಂಡವರು ಹಣ ಕೊಟ್ಟು, ಕೊಂಡದ್ದನ್ನು ಅಲ್ಲೇ ಬಿಟ್ಟುಕೊಡುತ್ತಾರೆ. ಅದು ಮತ್ತೆ ಹರಾಜಾಗುತ್ತದೆ. ಬೆಳಗಿನಿಂದ ಒಂದೇ ಕುರಿಮರಿ ಮಾರಾಟವಾಗುತ್ತಲೇ ಇತ್ತು. ಆ ಹುರುಪಿನಲ್ಲಿ, ಹರಾಜು ಕೂಗುತ್ತಿದ್ದ ಅವಳ ಸೋದರಮಾವ ಉಬಾಲ್ದೊ, ಅವಳನ್ನು ಕೇಳದೆಯೇ ಅವಳ ಜೀನನ್ನು ಎತ್ತಿ ಹಿಡಿದ. ಅದು ಹಿಡಿಕೆ ಇಟ್ಟು ಅವಳ ಕಾಲಿನ ಅಳತೆಗೆ ಹೊಲಿಸಿದ್ದ ಜೀನು. ರಾಜಧಾನಿ ಮೊಂಟೆವಿಡಿಯೊದಿಂದ ಬಂದಿದ್ದ ಅಪರಿಚಿತನೊಬ್ಬ ಅದನ್ನು ಕೊಂಡು, ಹಣ ಕೊಟ್ಟು, ಜೀಪಿಗೆ ಹಾಕಿಕೊಂಡ.

"ಮಾವ, ಅವ್ನು ತಗೊಂಡ್ ಹೋಗ್ತಿದಾನೆ!"

"ವಾಪಸ್ ಕೊಡ್ತಾನೆ ಬಿಡೇ. ಎಲ್ರೂ ಕೊಡ್ತಾರೆ."

"ಪೇಟೆಯವ್ನಿಗೆ ಅದನ್ನ ಯಾರು ಹೇಳಿದ್ರು? ನೀನು ಹೇಳಿದ್ಯಾ?"

ಉಬಾಲ್ದೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಸುಲ್ಮಾ ಊರುಗೋಲು ಊರುತ್ತಾ ಜೀಪಿನ ಬಳಿಗೆ ಹೋದಳು.

"ಸಾರ್, ಅದಿಲ್ದೆ ನಾನು ಕುದುರೆ ಮೇಲೆ ಕೂರೋಕಾಗಲ್ಲ."

ಆತ ಪೆಚ್ಚಾದ. "ಅಯ್ಯೋ, ಮಗಳಿಗೆ ಜೀನು ತರ್ತೀನಿ ಅಂತ ಹೇಳ್ಬಿಟ್ಟಿದೀನಲ್ಲಮ್ಮಾ."

ಸುಲ್ಮಾ ಮಾವನ ಕಡೆ ತಿರುಗಿದಳು. "ನಿನ್ ಬೆಳ್ಳಿ ಹೂವಿನ ಜೀನು ಬಿಚ್ಚಿ ಇವ್ರಿಗೆ ಬದಲಿಗೆ ಕೊಡು."

"ಅದು ನಮ್ ತಾತಂದು ಕಣೇ!"

"ಆ ಜೀಪಲ್ಲಿರೋದು ನನ್ ಕಾಲು, ಮಾವ. ಬಿಚ್ಚು."

ಉಬಾಲ್ದೊ ಗೊಣಗುತ್ತಲೇ ತನ್ನ ಕುದುರೆಯ ಹೊಟ್ಟೆಪಟ್ಟಿ ಸಡಿಲಿಸಿದ.