ಒಡೆಯರ ಮುಖ ಬರೆದ ಫ್ರೋಲ್

ಫ್ರೋಲ್ ಯೆರೆಮೆಯೆವ್ ನನ್ನಂತೆಯೇ ಸೊಸ್ನೊವ್ಕದ ಜೀತದಾಳು. ನಾನು ಒಡೆಯರ ಗಾಡಿ ಹೊಡೆಯುತ್ತಿದ್ದೆ, ಅವನು ಚಿತ್ರ ಬರೆಯುತ್ತಿದ್ದ. ಒಡೆಯರಾದ ಆರ್ಸೆನಿ ಪಾವ್ಲೊವಿಚ್ ಅವನನ್ನು ಚಿಕ್ಕಂದಿನಲ್ಲೇ ಪೀಟರ್ಸ್‌ಬರ್ಗ್‌ಗೆ ಕಳಿಸಿ, ಇಟಲಿಯ ಗುರುವೊಬ್ಬನ ಬಳಿ ಏಳು ವರ್ಷ ಕಲಿಸಿದ್ದರು. ರೇಷ್ಮೆಯ ಮಿರುಗು, ಜರಿಯ ಎಳೆ, ಗುಲಾಬಿ ಕೆನ್ನೆ: ಆಗ ದೊಡ್ಡವರ ಮನೆಗಳಲ್ಲೆಲ್ಲ ಇಂಥ ಚಿತ್ರಗಳದೇ ಹುಚ್ಚು. ಫ್ರೋಲ್‌ಗೆ ಅದೆಲ್ಲ ನೀರು ಕುಡಿದಷ್ಟು ಸುಲಭ. ಅವನ ಹಂಬಲ ಬೇರೆ. ಒಂದಾದರೂ ಮುಖವನ್ನು ಇದ್ದ ಹಾಗೆ ಬರೆಯಬೇಕು.

ಅವನು ಮರಳಿದ ವರ್ಷವೇ ಒಡೆಯರು ತಮ್ಮ ಚಿತ್ರ ಬರೆಯಲು ಹೇಳಿದರು. ಆದರೆ ಕೂರುವ ತಾಳ್ಮೆ ಅವರಿಗೆಲ್ಲಿ? ಕಾಲು ಗಂಟೆ ಕೂತರೆ ಆಕಳಿಕೆ, ಇಲ್ಲವೇ ಬೇಟೆನಾಯಿಗಳ ನೆನಪು. ಅವರದೂ ನನ್ನದೂ ಒಂದೇ ಮೈಕಟ್ಟು. ಹಾಗಾಗಿ ಆಕಾಶನೀಲಿ ಮಖಮಲ್ ಕೋಟು, ಪೌಡರ್ ಹಾಕಿದ ಕೃತಕ ಕೂದಲಿನ ಟೋಪನ್ ನನಗೆ ತೊಡಿಸಿ ನಿಲ್ಲಿಸಿದರು.

"ಅಲ್ಲಾಡಬೇಡ ಕಣೋ ನಿಕಾನೋರ್!"

"ಟೋಪನ್ ತುರಿಸ್ತದೆ ಫ್ರೋಲಣ್ಣಾ. ಒಡೇರ ತಲೇಲಿ ಹೇನಿದ್ವೋ ಏನೋ!"

"ಮೆಲ್ಲಗೆ ಮಾತಾಡು ಮಾರಾಯ. ಇಬ್ಬರ ಬೆನ್ನೂ ಸುಲಿಸ್ತೀಯ."

ಒಡೆಯರು ಕೂತ ಅಷ್ಟಿಷ್ಟು ಹೊತ್ತಿನಲ್ಲೇ ಫ್ರೋಲ್ ಮುಖ ಮುಗಿಸಿದ. ದಪ್ಪ ಮೂಗು, ಕಣ್ಣ ಕೆಳಗಿನ ಊತ, ಕೆನ್ನೆಯ ಸಿಡುಬಿನ ಕಲೆ, ಅದರೊಳಗೊಂದು ಒಂಟಿತನ. ಅದು ಒಣಗಲು ನಿಂತಿದ್ದ ಎರಡು ದಿನವೂ ನಾನು ಅದರ ಮುಂದೆ ಟೋಪಿ ತೆಗೆದೇ ಹಾಯುತ್ತಿದ್ದೆ.

ಒಡೆಯರು ಬಂದು ನೋಡಿದರು. "ಇದ್ಯಾರೋ ಈ ಮುದುಕ? ಕೆರೆದು ಹಾಕು."

ಫ್ರೋಲ್ ಚೂರಿ ತಗೊಂಡು ಕೆರೆದ. ಎರಡನೆಯ ಮುಖಕ್ಕೆ ಮೂಗು ಜಾಸ್ತಿಯಾಯಿತು. ಮೂರನೆಯದಕ್ಕೆ ಕೆನ್ನೆಯಲ್ಲಿ ರಂಗಿಲ್ಲ. ನಾಲ್ಕನೆಯ ಸಲ ಒಡೆಯರು ಫ್ರೆಂಚ್ ದೊರೆಮಗನೊಬ್ಬನ ಅಚ್ಚಿನ ಚಿತ್ರ ತಂದು, "ಹಿಂಗೆ ಬರಬೇಕು ನೋಡು" ಎಂದರು. ಫ್ರೋಲ್ ಹಲ್ಲು ಕಚ್ಚಿಕೊಂಡು ಅದನ್ನೇ ಬರೆದ. ಒಡೆಯರು ಹಿಗ್ಗಿ, ದೊಡ್ಡ ಹಜಾರದಲ್ಲಿ ತೂಗಿಸಿದರು.

ಈಸ್ಟರ್ ಹಬ್ಬಕ್ಕೆ ಮಾಸ್ಕೋದಿಂದ ಅವರ ತಾಯಿ ಬಂದರು. ನೆಂಟರೆಲ್ಲ ತುಂಬಿದ್ದ ಹಜಾರದಲ್ಲಿ ಚಿತ್ರ ನೋಡಿ, "ಚೆಂದ ಇದಾನೆ. ಯಾರಪ್ಪಾ ಈ ಹುಡುಗ?" ಎಂದರು.

ಒಡೆಯರ ಮುಖ ಕೆಂಡವಾಯಿತು. "ಏನೋ ಫ್ರೋಲ್, ಹೆತ್ತ ತಾಯಿಗೇ ಗುರುತು ಸಿಗದ ಹಾಗೆ ಬರೆದಿದ್ದೀಯಲ್ಲೋ!"

"ಗುರುತು ಸಿಗೋ ಮುಖವನ್ನ ಮೊದಲೇ ಬರೆದಿದ್ದೆ ಒಡೆಯಾ. ತಾವೇ ಕೆರೆಸಿದ್ರಿ."

ಮರುದಿನದಿಂದ ಫ್ರೋಲ್‌ಗೆ ತೋಟದ ಬೇಲಿಗೆ ಹಸಿರು ಬಣ್ಣ ಬಳಿಯುವ ಕೆಲಸ. ಬೇಲಿ ಮುಗಿದರೆ ಬೆಂಚು, ಬೆಂಚು ಮುಗಿದರೆ ಮತ್ತೆ ಬೇಲಿ. ನಾಲ್ಕು ವರ್ಷ ಹೀಗೇ ಕಳೆಯಿತು. "ಏಳು ವರ್ಷ ಕಲಿತು ಬಂದದ್ದು ಇದಕ್ಕಾ?" ಎಂದು ಹೆಂಡತಿ ಉಸ್ತಿನ್ಯ ಕೇಳಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಐದನೆಯ ಚಳಿಗಾಲ ಒಡೆಯರು ಬೇಟೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ಅಷ್ಟರಲ್ಲಿ ತಾಯಿಯ ಕಣ್ಣು ಪೂರಾ ಮಂಜಾಗಿತ್ತು. ಮಣ್ಣಿಗೆಂದು ಮಾಸ್ಕೋದಿಂದ ಬಂದ ಅವರು ಇಲ್ಲೇ ಉಳಿದು ಫ್ರೋಲ್‌ನನ್ನು ಕರೆಸಿದರು.

"ಆವತ್ತು ಮೊದಲು ಬರೆದಿದ್ದೆ ಅಂದ್ಯಲ್ಲಪ್ಪಾ, ಅದನ್ನ ಬರೆದುಕೊಡು. ನನ್ನ ಮಗನ ಮುಖ ಬೇಕು ನಂಗೆ."

ಫ್ರೋಲ್ ಹಜಾರದ ಚಿತ್ರ ಇಳಿಸಿ ಫ್ರೆಂಚ್ ಮುಖವನ್ನು ಕೆರೆದ. ಕುಂಚ ಹಿಡಿದು ನಿಂತ. ಮೊದಲಿನ ಆ ಮುಖ ಬರಲಿಲ್ಲ. ಎಷ್ಟು ತಿದ್ದಿದರೂ ಮತ್ತೆ ಆ ಫ್ರೆಂಚ್ ಮುಖವೇ ಮೂಡುತ್ತಿತ್ತು.

"ನಿಂಗಾದ್ರೂ ನೆನಪಿದೆಯೇನೋ ನಿಕಾನೋರ್?"

"ಇಪ್ಪತ್ತು ವರ್ಷ ನನ್ನ ಬೆನ್ನ ಹಿಂದೆ ಕೂತವರು ಫ್ರೋಲಣ್ಣಾ. ಬೈಗುಳ ನೆನಪಿದೆ, ಮುಖ ಇಲ್ಲ."

ಅವನು ಕುಂಚವನ್ನು ಗೋಡೆಗೆಸೆದ. ಆಗ ಆ ತಾಯಿ ತಡವರಿಸುತ್ತ ಬಂದು, ಫ್ರೋಲ್‌ನ ಕೆನ್ನೆಯ ಮೇಲೇ ಬೆರಳಿಟ್ಟರು. "ಕಲೆ ಇಲ್ಲೊಂದು, ಇಲ್ಲೆರಡು. ಆರು ವರ್ಷದವನಿದ್ದಾಗ ಸಿಡುಬು ಎದ್ದಿತ್ತು. ಹದಿಮೂರು ದಿನ ಮಡಿಲಲ್ಲಿಟ್ಟುಕೊಂಡಿದ್ದೆ."

ಕಲೆಗಳನ್ನು ಫ್ರೋಲ್ ಅವರು ಹೇಳಿದ ಕಡೆಯೇ ಬರೆದ. ಉಳಿದ ಮುಖ ಯಾರದೂ ಆಗಿರಲಿಲ್ಲ. ತಾಯಿ ಚಿತ್ರವನ್ನು ಕಣ್ಣಿಗೆ ಆನಿಸಿಕೊಳ್ಳುವಷ್ಟು ಹತ್ತಿರ ಹಿಡಿದು, "ಇವನೇ" ಎಂದು ತಮ್ಮ ಕೋಣೆಗೆ ಒಯ್ದರು. ಬಣ್ಣದ ಪೆಟ್ಟಿಗೆ ಕೊಟ್ಟು, ಬೇಲಿಯ ಕೆಲಸವನ್ನೂ ಬಿಡಿಸಿದರು.

ಫ್ರೋಲ್‌ಗೆ ಅದರಿಂದ ಸಮಾಧಾನವಾಗಲಿಲ್ಲ. ಲಾಯದ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, "ಸುಳ್ಳು ಮುಖ ಬರೆದು ಮುದುಕಿಯ ಬಾಯಲ್ಲಿ ಹೌದು ಅನ್ನಿಸಿದೆ ಕಣೋ" ಎಂದ. ನಾನು ಅವನಿಗೆ ರೊಟ್ಟಿ ಹುಳಿಸಿ ಮಾಡಿದ ಕ್ವಾಸ್ ಒಂದು ಲೋಟ ಕೊಟ್ಟೆ. ಅವನು ಕುಡಿಯಲಿಲ್ಲ.